ಸೋಮವಾರಕ್ಕೊಂದು ಹೊಸ ಸಂಗೀತ



ನಮ್ಮ ವಾಚನಾಲಯಕ್ಕೆ ಬರುವವರಲ್ಲಿ ಅನೇಕರು ಹೊಸ ಪುಸ್ತಕ ಬಂದಿದೆಯೇ ಎಂದು ವಿಚಾರಿಸುತ್ತಾರೆ. ಸಂಗೀತದ ಮಾತು ಬಂದಾಗ ಮಾತ್ರ ಊರು ಬಿಡುವಾಗ ಕೇಳುತ್ತಿದ್ದ ಹಾಡುಗಳಲ್ಲಿಯೇ ನಿಂತುಬಿಡುತ್ತಾರೆ. ಇದರಲ್ಲಿ ತಪ್ಪೇನೂ ಇಲ್ಲ. ಪರಸ್ಥಳದಲ್ಲಿ ದುಡಿಯುವವನಿಗೆ ಹಳೆಯ ಹಾಡು ಮನೆಯಿಂದ ಕಟ್ಟಿಕೊಂಡು ಬಂದ ಬುತ್ತಿಯಿದ್ದಂತೆ. ಆದರೆ ಬುತ್ತಿಯನ್ನೇ ನಂಬಿ ಕೂತವನಿಗೆ ದಾರಿಯ ಊರುಗಳ ರುಚಿ ತಿಳಿಯುವುದಿಲ್ಲ.

ಎಲೆಕ್ಟ್ರಾನಿಕ್ ಸಂಗೀತವೆಂದರೇನು, ಸ್ವತಂತ್ರ ಸಂಗೀತವೆಂದರೇನು, ವಾರಕ್ಕೊಂದರಂತೆ ಅವುಗಳ ಪರಿಚಯ ಮಾಡಿಕೊಳ್ಳುವುದು ಹೇಗೆ ಎಂಬುದು ಈ ಪಾಠದ ವಿಷಯ. ಉದಾಹರಣೆಗಾಗಿ ನಮ್ಮ ಮುಂಬಯಿಯ ವಾದಕರೊಬ್ಬರ ಧ್ವನಿಮುದ್ರಿಕೆಯನ್ನೇ ತೆಗೆದುಕೊಂಡಿದ್ದೇನೆ.

1. ಯಂತ್ರದಲ್ಲಿ ಸ್ವರ ಹುಟ್ಟುವ ಬಗೆ

ವೀಣೆಯಲ್ಲಿ ತಂತಿ ಕಂಪಿಸುತ್ತದೆ, ಕೊಳಲಿನಲ್ಲಿ ಗಾಳಿ ಕಂಪಿಸುತ್ತದೆ. ಎಲೆಕ್ಟ್ರಾನಿಕ್ ವಾದ್ಯದಲ್ಲಿ ವಿದ್ಯುತ್ತನ್ನೇ ಕ್ರಮವಾಗಿ ಏರಿಳಿಸುತ್ತಾರೆ. ಆ ಏರಿಳಿತವು ಸ್ಪೀಕರಿನ ಪರದೆಯನ್ನು ಅಲುಗಿಸಿದಾಗ ಸ್ವರ ಕೇಳಿಸುತ್ತದೆ. ಸೆಕೆಂಡಿಗೆ 440 ಸಲ ಅಲುಗಿದರೆ ಒಂದು ಸ್ವರ. 880 ಸಲ ಅಲುಗಿದರೆ ಅದೇ ಸ್ವರ ಮೇಲಿನ ಸ್ಥಾಯಿಯಲ್ಲಿ. ಇಷ್ಟೇ ಇದರ ಮೂಲತತ್ತ್ವ.

ಇದರ ಇತಿಹಾಸವೂ ಸ್ವಾರಸ್ಯವಾಗಿದೆ. 1948ರಲ್ಲಿ ಪ್ಯಾರಿಸ್ಸಿನ ರೇಡಿಯೋ ಇಂಜಿನಿಯರ್ ಪಿಯೇರ್ ಶೆಫರ್ ಎಂಬವರು ರೈಲ್ವೆ ಇಂಜಿನುಗಳ ಸದ್ದನ್ನು ಮುದ್ರಿಸಿಕೊಂಡು, ಅದನ್ನೇ ಜೋಡಿಸಿ ಒಂದು ಕೃತಿ ರಚಿಸಿದರು. 1963ರಲ್ಲಿ ಲಂಡನ್ನಿನ ಬಿ.ಬಿ.ಸಿ.ಯಲ್ಲಿ ಡೀಲಿಯಾ ಡರ್ಬಿಶೈರ್ ಎಂಬ ಮಹಿಳೆ ಒಂದೊಂದು ಸ್ವರವನ್ನೂ ಟೇಪಿನ ಮೇಲೆ ಮುದ್ರಿಸಿ, ಕತ್ತರಿಸಿ, ಅಂಟಿಸಿ 'ಡಾಕ್ಟರ್ ಹೂ' ಎಂಬ ಧಾರಾವಾಹಿಯ ಆರಂಭ ಸಂಗೀತವನ್ನು ಸಿದ್ಧಪಡಿಸಿದರು. ನಮ್ಮ ದೇಶವೂ ಬಹಳ ಹಿಂದೆ ಬೀಳಲಿಲ್ಲ. 1969ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಅಮೆರಿಕದ ಡೇವಿಡ್ ಟ್ಯೂಡರ್ ಅವರ ನೆರವಿನಿಂದ ಎಲೆಕ್ಟ್ರಾನಿಕ್ ಸಂಗೀತದ ಸ್ಟುಡಿಯೋ ಏರ್ಪಟ್ಟಿತು. ಗೀತಾ ಸಾರಾಭಾಯಿ, ಅತುಲ್ ದೇಸಾಯಿ ಮೊದಲಾದವರು ಅಲ್ಲಿಯ ಮೂಗ್ ಸಿಂಥಸೈಜರ್ ಯಂತ್ರದ ಮೇಲೆ ಪ್ರಯೋಗ ನಡೆಸಿದರು. ಆ ಟೇಪುಗಳ ಸಂಗ್ರಹವು ಸಾರ್ವಜನಿಕರ ಕೈಸೇರಿದ್ದು 2023ರಲ್ಲಿ. ಅಂದರೆ ಅರ್ಧ ಶತಮಾನದ ಮೇಲೆ!

2. ಮುಂಬಯಿಯ ಒಂದು ತಟ್ಟೆ

ಇದಕ್ಕಿಂತಲೂ ಯೋಚಿಸತಕ್ಕ ಸಂಗತಿ ಚರಣಜಿತ್ ಸಿಂಗ್ ಅವರದು. ಇವರು ಮುಂಬಯಿಯ ಚಿತ್ರಸಂಗೀತದಲ್ಲಿ ಗಿಟಾರ್ ಮುಂತಾದವನ್ನು ನುಡಿಸುತ್ತಿದ್ದ ವಾದಕರು. 1982ರಲ್ಲಿ ಇವರು ಜಪಾನಿನ ರೋಲ್ಯಾಂಡ್ ಕಂಪನಿಯ ಮೂರು ಯಂತ್ರಗಳನ್ನಿಟ್ಟುಕೊಂಡು, ಡಿಸ್ಕೋ ತಾಳದ ಮೇಲೆ ಹತ್ತು ರಾಗಗಳ ಒಂದು ತಟ್ಟೆಯನ್ನು ಹೊರತಂದರು. ಭೈರವ, ಲಲಿತ, ಭೂಪಾಲಿ, ತೋಡಿ, ಯಮನ, ಮಾಲಕಂಸ ಮೊದಲಾದವು ಅದರಲ್ಲಿವೆ. ಭೂಪಾಲಿಯೆಂದರೆ ಮೈಸೂರು ಸೀಮೆಯವರ ಮೋಹನ, ಮಾಲಕಂಸವೆಂದರೆ ಹಿಂದೋಳ. ಆದುದರಿಂದ ರಾಗ ನಮಗೆ ಹೊಸತಲ್ಲ. ಅದು ಉಟ್ಟ ಬಟ್ಟೆ ಮಾತ್ರ ಹೊಸದು.

ತಟ್ಟೆ ಹೆಚ್ಚು ಮಾರಾಟವಾಗಲಿಲ್ಲ. ಐದು ವರ್ಷಗಳ ಮೇಲೆ, 1987ರಲ್ಲಿ, ಅಮೆರಿಕದ ಶಿಕಾಗೋ ನಗರದ ಫ್ಯೂಚರ್ ಎಂಬ ತಂಡದವರು ಅವೇ ಯಂತ್ರಗಳಲ್ಲಿ ಒಂದಾದ ಟಿ.ಬಿ. 303ನ್ನು ಬಳಸಿ 'ಆಸಿಡ್ ಟ್ರ್ಯಾಕ್ಸ್' ಎಂಬ ಕೃತಿಯನ್ನು ಹೊರತಂದರು. ಅದರಿಂದ 'ಆಸಿಡ್ ಹೌಸ್' ಎಂಬ ಸಂಗೀತಮಾರ್ಗವೇ ಜಗತ್ತಿನಲ್ಲಿ ಹೆಸರಾಯಿತು. ಶಿಕಾಗೋದವರು ಮುಂಬಯಿಯ ತಟ್ಟೆಯನ್ನು ಕೇಳಿ ಕಲಿತರೆಂದು ಹೇಳುವಂತಿಲ್ಲ. ಒಂದೇ ಯಂತ್ರ ಎರಡು ಊರುಗಳಲ್ಲಿ ಎರಡು ಕೈಗಳಿಗೆ ಸಿಕ್ಕಿತು. ಅಲ್ಲಿ ಕೇಳುವವರಿದ್ದರು, ಇಲ್ಲಿ ಇರಲಿಲ್ಲ.

2002ರಲ್ಲಿ ಹಾಲೆಂಡಿನ ಸಂಗ್ರಾಹಕರೊಬ್ಬರಿಗೆ ಈ ತಟ್ಟೆ ದೆಹಲಿಯಲ್ಲಿ ಸಿಕ್ಕಿತು. 2010ರಲ್ಲಿ 'ಬಾಂಬೆ ಕನೆಕ್ಷನ್' ಎಂಬ ಚಿಕ್ಕ ಪ್ರಕಾಶನ ಅದನ್ನು ಮರುಮುದ್ರಿಸಿದಾಗ ಪರದೇಶದ ಕೇಳುಗರು ಬೆರಗಾದರು. ಎಪ್ಪತ್ತರ ಸುಮಾರಿನ ವಯಸ್ಸಿನಲ್ಲಿ ಸಿಂಗ್ ಅವರು ಯುರೋಪಿಗೆ ಹೋಗಿ ಸಭೆಗಳ ಮುಂದೆ ಅದನ್ನು ನುಡಿಸಿದರು. 2015ರಲ್ಲಿ ತೀರಿಕೊಂಡರು. ಕೆಲಸ ಮಾಡಿ ಇಪ್ಪತ್ತೆಂಟು ವರ್ಷಗಳಾದ ಮೇಲೆ ಬಂದ ಕೂಲಿಯಿದು. ಇನ್ನೈದಾರು ವರ್ಷ ತಡವಾಗಿದ್ದರೆ ಅದೂ ಅವರ ಕೈಗೆ ಸೇರುತ್ತಿರಲಿಲ್ಲ. ಹೊಸದನ್ನು ಮಾಡುವವನಿಗೆ ಎಷ್ಟು ಧೈರ್ಯ ಬೇಕೋ, ಅದನ್ನು ಕೇಳುವವನಿಗೆ ಅಷ್ಟಲ್ಲದಿದ್ದರೂ ಕೊಂಚ ತಾಳ್ಮೆಯಾದರೂ ಬೇಕು. ಈ ಪಾಠದ ಸಾರವೆಲ್ಲ ಇಷ್ಟರಲ್ಲಿದೆ.

3. ಒಂದು ಆಕ್ಷೇಪ

"ಯಂತ್ರದ ಸದ್ದು ಸಂಗೀತವಾದೀತೇ?" ಎಂದು ಕೇಳುವವರುಂಟು. ನಮ್ಮ ನಾಟಕ ಕಂಪನಿಗಳಲ್ಲಿ ಮೆರೆದ ಪೇಟಿಯ ಮೇಲೂ ಒಂದು ಕಾಲಕ್ಕೆ ಆಕ್ಷೇಪವಿತ್ತು. 1940ರಲ್ಲಿ ಆಕಾಶವಾಣಿಯು ಹಾರ್ಮೋನಿಯಮ್ಮಿಗೆ ಹಾಕಿದ ನಿಷೇಧ ಸಡಿಲವಾದದ್ದು 1971ರಲ್ಲಿ. ಇಂದು ಪೇಟಿಯಿಲ್ಲದ ಭಜನೆಯನ್ನು ನೆನೆಯುವುದೇ ಕಷ್ಟ. ಶಿಶುನಾಳದ ಷರೀಫ ಸಾಹೇಬರಂತೂ ಗಿರಣಿಯನ್ನೇ ವಸ್ತುವಾಗಿ ಮಾಡಿಕೊಂಡು ತತ್ತ್ವಪದ ಹಾಡಿದವರು. ಯಂತ್ರದೆದುರು ನಿಂತು ದುಡಿಯುವ ನಾವು ಅದರ ಸದ್ದಿನಲ್ಲಿ ಲಯವಿಲ್ಲವೆಂದು ಹೇಳಬಲ್ಲೆವೇ?

4. ಕೇಳುವ ಕ್ರಮ

ಮೊದಲು ಕಾಗದದ ಮೇಲೆ 16 ಮನೆಗಳನ್ನು ಸಾಲಾಗಿ ಬರೆಯಿರಿ. 1, 5, 9, 13ನೆಯ ಮನೆಗಳಲ್ಲಿ ಚುಕ್ಕೆಯಿಡಿರಿ. ಒಂದೇ ವೇಗದಲ್ಲಿ ಒಂದರಿಂದ ಹದಿನಾರರವರೆಗೆ ಎಣಿಸುತ್ತ, ಚುಕ್ಕೆಯಿದ್ದಲ್ಲಿ ಮೇಜನ್ನು ತಟ್ಟಿರಿ. ಡಿಸ್ಕೋ ತಾಳದ ಮೂಲ ಇದೇ. ಸಿಂಗ್ ಅವರ ತಾಳಯಂತ್ರವಾದ ಟಿ.ಆರ್. 808ರಲ್ಲಿ ಇಂಥ 16 ಗುಂಡಿಗಳ ಸಾಲೇ ಇರುತ್ತದೆ. ಒತ್ತಿದ ಮನೆಯಲ್ಲಿ ಪೆಟ್ಟು ಬೀಳುತ್ತದೆ. ಇನ್ನು ಆ ತಟ್ಟೆಯ ಒಂದು ರಾಗವನ್ನು ಮೂರು ಸಲ ಕೇಳಿರಿ.

ಮೊದಲನೆಯ ಸಲ ತಾಳವನ್ನು ಮಾತ್ರ ಹಿಂಬಾಲಿಸಿರಿ.

ಎರಡನೆಯ ಸಲ ಕೆಳಸ್ವರದ ಓಟವನ್ನು ಹಿಡಿಯಿರಿ. ಅದು ಟಿ.ಬಿ. 303ರ ಕೆಲಸ. ಬಾಯಿಯನ್ನು ಕಿರಿದು ಮಾಡಿ 'ಊ' ಎನ್ನುತ್ತ ನಿಧಾನವಾಗಿ 'ಆ' ಎಂದು ತೆರೆಯಿರಿ. ಸ್ವರ ಬದಲಾಗದೆ ಧ್ವನಿಯ ಬಣ್ಣ ಬದಲಾಗುತ್ತದೆ. ಯಂತ್ರದ ಮೇಲಿನ ಒಂದು ತಿರುಗುಗುಂಡಿ ಇದೇ ಕೆಲಸವನ್ನು ಮಾಡುತ್ತದೆ. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಸೌಕರ್ಯವೂ ಅದರಲ್ಲಿದೆ. ನಮ್ಮ ಮೀಂಡಿನ ನೆನಪಾಗುತ್ತದೆ.

ಮೂರನೆಯ ಸಲ ಮೇಲಿನ ರಾಗವನ್ನು ಕೇಳಿರಿ. ಅಷ್ಟು ಹೊತ್ತಿಗೆ ಅದು ಪರಕೀಯವೆನಿಸುವುದಿಲ್ಲ. ಆಮೇಲೂ ಹಿಡಿಸದಿದ್ದರೆ ಬಿಟ್ಟುಬಿಡಿರಿ. ಮೂರು ಸಲ ಕೇಳಿ ಬೇಡವೆನ್ನುವವನು ರಸಿಕನೇ. ಕೇಳದೆಯೇ ಬೇಡವೆನ್ನುವವನಿಗೆ ಆ ಮಾತು ಸಲ್ಲದು.

5. ಸೋಮವಾರವೇ ಏಕೆ?

ಭಾನುವಾರ ಬಟ್ಟೆ ಒಗೆಯುವುದು, ಊರಿಗೆ ಫೋನು ಮಾಡುವುದು, ನೆಂಟರಿಷ್ಟರ ಭೇಟಿ ಇವುಗಳಲ್ಲಿ ಕಳೆಯುತ್ತದೆ. ಸೋಮವಾರ ಬೆಳಿಗ್ಗೆ ಗಾಡಿಯಲ್ಲಿ ಹೇಗೂ ಕಿವಿ ಖಾಲಿ, ಮನಸ್ಸು ಭಾರ. ಆ ಹೊತ್ತಿಗೆ ಒಂದು ಹೊಸ ಕೃತಿಯನ್ನು ಗೊತ್ತುಮಾಡಿಕೊಂಡರೆ ವಾರದ ಮೊದಲ ದಿನಕ್ಕೆ ಎದುರುನೋಡುವಂಥದ್ದು ಏನೋ ಒಂದು ಇರುತ್ತದೆ. ವಾರಕ್ಕೆ ಒಂದಾದರೂ ವರ್ಷಕ್ಕೆ ಐವತ್ತೆರಡಾಯಿತು.

ಸ್ವತಂತ್ರ ಸಂಗೀತವೆಂದರೆ ಸಿನಿಮಾದ ಮತ್ತು ದೊಡ್ಡ ಕಂಪನಿಗಳ ಆಶ್ರಯವಿಲ್ಲದೆ ಕಲಾವಿದರು ತಾವೇ, ಇಲ್ಲವೆ ಚಿಕ್ಕ ಪ್ರಕಾಶನಗಳ ಮೂಲಕ ಹೊರತರುವ ಸಂಗೀತ. 'ಬ್ಯಾಂಡ್‌ಕ್ಯಾಂಪ್' ಎಂಬ ಜಾಲತಾಣದಲ್ಲಿ ಇಂಥ ಎಷ್ಟೋ ಕೃತಿಗಳನ್ನು ಹಣ ಕೊಡದೆಯೇ ಕೇಳಬಹುದು. ಮೆಚ್ಚುಗೆಯಾಗಿ ಕೊಂಡರೆ ಹಣದ ಬಹುಪಾಲು ಮಾಡಿದವರಿಗೇ ಸೇರುತ್ತದೆ. ಮೊಬೈಲಿನ ಇತರ ಸಂಗೀತ ಆ್ಯಪುಗಳಲ್ಲಿ ಒಂದು ಸಲ ಕೇಳಿದ್ದಕ್ಕೆ ಅವರಿಗೆ ಸಿಕ್ಕುವುದು ಪೈಸೆಗಳ ಲೆಕ್ಕದಲ್ಲಿ. ಕನ್ನಡದಲ್ಲಿ ಆರಂಭಿಸುವವರು ರಘು ದೀಕ್ಷಿತ್ ಅವರ 2008ರ ಸಂಗ್ರಹವನ್ನು ಹಿಡಿಯಬಹುದು. ಷರೀಫರ ಪದಗಳು ಅದರಲ್ಲಿ ಗಿಟಾರಿನೊಡನೆ ಬಂದಿವೆ.

ಒಂದು ಎಚ್ಚರಿಕೆ: ಮೊಬೈಲು ತಾನಾಗಿ ಮುಂದಿಡುವ ಹಾಡು ಸಾಮಾನ್ಯವಾಗಿ ನೀವು ಈಗಾಗಲೇ ಕೇಳಿದ್ದರ ನೆಂಟನೇ ಆಗಿರುತ್ತದೆ. ಆದುದರಿಂದ ಕೃತಿಯ ಜೊತೆ ಅಚ್ಚಾದ ಹೆಸರುಗಳನ್ನು ಓದಿರಿ. ಪ್ರಕಾಶನ ಯಾವುದು, ವಾದ್ಯ ಯಾವುದು, ಸಂಗಡಿಗರು ಯಾರು ಎಂದು ನೋಡಿ ಅವರ ಬೇರೆ ಕೃತಿಗಳನ್ನು ಹುಡುಕಿರಿ. ಒಳ್ಳೆಯ ಪುಸ್ತಕದಿಂದ ಇನ್ನೊಂದು ಒಳ್ಳೆಯ ಪುಸ್ತಕಕ್ಕೆ ನಾವು ಹೋಗುವ ದಾರಿಯೂ ಇದೇ ಅಲ್ಲವೇ? ಒಂದು ಚಿಕ್ಕ ನೋಟುಬುಕ್ಕಿನಲ್ಲಿ ತಾರೀಖು, ಕೃತಿ, ಮಾಡಿದವರು, ಇಸವಿ ಮತ್ತು ನಿಮ್ಮ ಅಭಿಪ್ರಾಯದ ಒಂದು ವಾಕ್ಯವನ್ನು ಬರೆದಿಡಿರಿ.

ಅಭ್ಯಾಸ

1. ಡಿಸ್ಕೋ ತಾಳದ 16 ಮನೆಗಳಲ್ಲಿ 3 ಮತ್ತು 11ನೆಯ ಮನೆಗಳಿಗೂ ಚುಕ್ಕೆಯಿಟ್ಟು ತಟ್ಟಿರಿ. ನಡೆ ಹೇಗೆ ಬದಲಾಯಿತು?

2. ಮಾಲಕಂಸ ಅಥವಾ ಹಿಂದೋಳವನ್ನು ಮೊದಲು ಒಬ್ಬ ಗಾಯಕರಿಂದ, ಬಳಿಕ ಸಿಂಗ್ ಅವರ ತಟ್ಟೆಯಲ್ಲಿ ಕೇಳಿ, ಉಳಿದದ್ದೇನು, ಕಳೆದದ್ದೇನು, ಕೂಡಿದ್ದೇನು ಎಂದು ಬರೆಯಿರಿ.

3. ಇಂದು ಯಾರೂ ಕೇಳದ ಒಬ್ಬ ಕಲಾವಿದರನ್ನು ನೀವಾಗಿ ಹುಡುಕಿ, ಆ ಹೆಸರನ್ನು ಪಕ್ಕದ ಕೋಣೆಯವರಿಗೆ ತಿಳಿಸಿರಿ. ಇದಕ್ಕೆ ಇಪ್ಪತ್ತೆಂಟು ವರ್ಷ ಕಾಯಬೇಡಿರಿ.