ಮಚ್ಚಿನ ಮೇಲಿನ ಕಂಪನಿ ಅಚ್ಚು ತೆಗೆಯುವುದು ಹೇಗೆ?

ಅಂಗಡಿಯಿಂದ ತಂದ ಮಚ್ಚಿನ ಅಲಗಿನ ಮೇಲೆ ಕಂಪನಿಯ ಹೆಸರೋ ನಂಬರೋ ಒತ್ತಿರುತ್ತದೆ. ಶಾಂತಿಗ್ರಾಮ, ಚನ್ನರಾಯಪಟ್ಟಣದ ಕಡೆಯ ತೆಂಗಿನ ತೋಟಗಳಲ್ಲಿ ಎಳನೀರು ಕೊಚ್ಚಿ ಕೊಚ್ಚಿ ಆ ಅಕ್ಷರಗಳ ಸಂದಿಯಲ್ಲಿ ನೀರು, ನಾರಿನ ಪುಡಿ ಕೂರುತ್ತವೆ. ತುಕ್ಕು ಅಲ್ಲಿಂದಲೇ ಹಿಡಿಯುತ್ತದೆ. ಆಯುಧಪೂಜೆಗೆ ಮಚ್ಚು ತೊಳೆಯುವ ಮುಂಚೆ ಈ ಕೆಲಸ ಮುಗಿಸಿಕೊಳ್ಳಬಹುದು.

ಬೇಕಾದ್ದು: ವೈಸ್ ಅಥವಾ ಸಿ ಕ್ಲಾಂಪ್, ಚಪ್ಪಟೆ ಅರ, ತಂತಿ ಬ್ರಷ್, ಸೀಮೆಸುಣ್ಣ, 120, 220, 400 ನಂಬರಿನ ಎಮರಿ ಪೇಪರ್, ಥಿನ್ನರ್, ಕೊಬ್ಬರಿ ಎಣ್ಣೆ, ಗೋಣಿಚೀಲ, ಕನ್ನಡಕ.

1. ಯಾವುದರ ಅಚ್ಚು ಎಂದು ನೋಡಿ. ಮಚ್ಚು, ಕುಡುಗೋಲು, ಗುದ್ದಲಿಯಾದರೆ ಅಡ್ಡಿಯಿಲ್ಲ. ತಕ್ಕಡಿಯ ಬಟ್ಟುಗಳ ಮೇಲಿನ ಸರ್ಕಾರಿ ಮುದ್ರೆ ಮುಟ್ಟಬೇಡಿ. ಕೋವಿಯದಂತೂ ಬೇಡವೇ ಬೇಡ: 1959ರ ಶಸ್ತ್ರಾಸ್ತ್ರ ಕಾಯ್ದೆಯ 8ನೇ ಸೆಕ್ಷನ್ ಪ್ರಕಾರ ಬಂದೂಕಿನ ಮೇಲಿನ ಹೆಸರು, ನಂಬರು, ಗುರುತು ಅಳಿಸುವುದು ಅಪರಾಧ. ಅರಕಲಗೂಡಿಗೆ ಹೊಂದಿಕೊಂಡ ಕೊಡಗಿನಲ್ಲಿ ಕೊಡವರಿಗೆ ಕೋವಿ ಲೈಸೆನ್ಸಿನಿಂದ ವಿನಾಯಿತಿ ಇದ್ದರೂ ಗುರುತು ಅಳಿಸಲು ವಿನಾಯಿತಿ ಇಲ್ಲ.

2. ಬಾಯಿ ಮುಚ್ಚಿ. ಮಚ್ಚಿನ ಬಾಯಿಗೆ ಗೋಣಿಚೀಲ ಸುತ್ತಿ ಹುರಿ ಬಿಗಿಯಿರಿ. ಅಲಗನ್ನು ಚಪ್ಪಟೆಯಾಗಿ ಮಲಗಿಸಿ ಕ್ಲಾಂಪ್ ಹಾಕಿ. ಕೈಯಲ್ಲಿ ಹಿಡಿದುಕೊಂಡು ಅರ ಹಾಕಬೇಡಿ.

3. ಮೇಲಿನ ಬಣ್ಣ ತೆಗೆಯಿರಿ. ಸ್ಟಿಕ್ಕರ್ ಇದ್ದರೆ ಕೊಬ್ಬರಿ ಎಣ್ಣೆ ಸವರಿ, ಸ್ವಲ್ಪ ಹೊತ್ತು ಬಿಟ್ಟು ಕೆರೆಯಿರಿ. ವಾರ್ನಿಷ್, ಬಣ್ಣವನ್ನು ಥಿನ್ನರಿನಲ್ಲಿ ಅದ್ದಿದ ಬಟ್ಟೆಯಿಂದ ಬಯಲಲ್ಲಿ, ಬೆಂಕಿಯಿಂದ ದೂರ ಒರೆಸಿ. ಬರೀ ಬಣ್ಣದ ಅಚ್ಚಾಗಿದ್ದರೆ ಇಲ್ಲಿಗೇ ಹೋಗುತ್ತದೆ. ನೇರ 5ನೇ ಹಂತಕ್ಕೆ ಬನ್ನಿ.

4. ಅರ ಹಾಕಿ. ಇಲ್ಲೇ ಕೆಲಸ ಕೆಡುವುದು. ಅಕ್ಷರದ ಮೇಲಷ್ಟೇ ಉಜ್ಜಿದರೆ ಅಲ್ಲಿ ಗುಂಡಿ ಬೀಳುತ್ತದೆ. ಅಕ್ಷರವನ್ನು ಅಗೆಯುವುದಲ್ಲ, ಸುತ್ತಲಿನ ಕಬ್ಬಿಣವನ್ನು ಅದರ ತಳದ ಮಟ್ಟಕ್ಕೆ ಇಳಿಸುವುದು ಲೆಕ್ಕ. ಆದ್ದರಿಂದ ಅಚ್ಚಿನ ಎರಡೂ ಕಡೆ ಸ್ವಲ್ಪ ದೂರದವರೆಗೂ ಅರ ಎಳೆಯಿರಿ. ಅರವನ್ನು ಅಡ್ಡ ಹಿಡಿದು, ಎರಡೂ ತುದಿಗೆ ಕೈಯಿಟ್ಟು, ಸಮನಾಗಿ ಒತ್ತಿ. ಅರದ ಹಲ್ಲಿಗೆ ಸೀಮೆಸುಣ್ಣ ಬಳಿದಿದ್ದರೆ ಪುಡಿ ಸಿಕ್ಕಿಕೊಂಡು ಗೀರು ಬೀಳುವುದಿಲ್ಲ. ಆಗಾಗ ತಂತಿ ಬ್ರಷ್‌ನಲ್ಲಿ ಹಲ್ಲು ಉಜ್ಜಿ. ಗ್ರೈಂಡರ್ ಬೇಡ: ಅಲಗು ಕಾದು ನೀಲಿಗೆ ತಿರುಗಿತೆಂದರೆ ಅಲ್ಲಿನ ಹದ ಹೋಯಿತು, ಮೊನೆ ನಿಲ್ಲುವುದಿಲ್ಲ.

ತೆಳು ಅಲಗಿಗೆ ಆಳವಾಗಿ ಒತ್ತಿದ ಅಚ್ಚಾದರೆ ಪೂರ್ತಿ ತೆಗೆಯುವ ಹಟ ಬೇಡ. ಅಂಚು ಸವೆದು ತುಕ್ಕು ಕೂರದಷ್ಟಾದರೆ ಸಾಕು. ಅಲಗು ತೆಳುವಾದರೆ ಗಟ್ಟಿ ಚಿಪ್ಪಿಗೆ ಹೊಡೆದಾಗ ಬಾಗುತ್ತದೆ.

5. ನುಣುಪು ಮಾಡಿ. ಮರದ ತುಂಡಿಗೆ ಎಮರಿ ಪೇಪರ್ ಸುತ್ತಿ ಮೊದಲು 120, ಆಮೇಲೆ 220, ಕೊನೆಗೆ 400ರಲ್ಲಿ ಉಜ್ಜಿ. ಒಂದರಲ್ಲಿ ಉದ್ದಕ್ಕೆ ಉಜ್ಜಿದರೆ ಮುಂದಿನದರಲ್ಲಿ ಅಡ್ಡಕ್ಕೆ. ಹಿಂದಿನ ಗೀರು ಪೂರ್ತಿ ಮಾಯವಾದದ್ದು ಆಗ ಕಣ್ಣಿಗೆ ಕಾಣುತ್ತದೆ.

6. ಬಣ್ಣ ಹೊಂದಿಸಿ. ಉಜ್ಜಿದ ಜಾಗ ಮಾತ್ರ ಬೆಳ್ಳಗೆ ಹೊಳೆಯುತ್ತದೆ. ಗಟ್ಟಿಯಾಗಿ ಕುದಿಸಿದ ಸಕ್ಕರೆ-ಹಾಲಿಲ್ಲದ ಟೀ ಡಿಕಾಕ್ಷನ್ನಿನಲ್ಲಿ ಬಟ್ಟೆ ಅದ್ದಿ ಅಲಗಿಗೆ ಸುತ್ತಿಡಿ. ಟೀಯಲ್ಲಿನ ಒಗರು ಕಬ್ಬಿಣಕ್ಕೆ ಸೇರಿ ಕಪ್ಪು ಬರುತ್ತದೆ. ತೊಳೆದು, ಪೂರ್ತಿ ಒಣಗಿಸಿ, ಕೊಬ್ಬರಿ ಎಣ್ಣೆ ತೆಳುವಾಗಿ ಸವರಿ.

7. ಮೊನೆ ಕೊನೆಗೆ. ಗೋಣಿ ಬಿಚ್ಚಿ ಸಾಣೆ ಹಿಡಿಯುವುದು ಉಳಿದದ್ದೆಲ್ಲ ಮುಗಿದ ಮೇಲೆ. ಮೊದಲೇ ಹಿಡಿದರೆ ಮಿಕ್ಕ ಕೆಲಸದುದ್ದಕ್ಕೂ ಕೈ ಕುಯ್ದುಕೊಳ್ಳುವ ಭಯ.