ಮೊದಲ ಮೂರು ದಿನ ಜೋಪಾನ

ತಮ್ಮಾ, ಮೇ ತಿಂಗಳ ಮೊದಲ ಶನಿವಾರ ನಿಮ್ಮೂರಿನ ಹೋಂಬ್ರೂ ಕ್ಲಬ್ಬಿನವರ ಜತೆ ಬಿಯರ್ ಮಾಡುವುದಕ್ಕೆ ಹೋಗುತ್ತೀಯಂತೆ, ಕೇಳಿ ಸಂತೋಷವಾಯಿತು. ಅಮೆರಿಕದ ಎಷ್ಟೋ ಕ್ಲಬ್ಬುಗಳು ಅದೇ ದಿನ ಒಲೆ ಹಚ್ಚುತ್ತವೆ. ಮನೆಯಲ್ಲಿ ಬಿಯರ್ ಮಾಡಲು ಆ ದೇಶದ ಫೆಡರಲ್ ಕಾನೂನು ಒಪ್ಪಿದ್ದು 1978ರಲ್ಲಿ, ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಮೇಲೆ. ಒಬ್ಬರೇ ವಯಸ್ಕರಿರುವ ಮನೆಗೆ ವರ್ಷಕ್ಕೆ 100 ಗ್ಯಾಲನ್, ಇಬ್ಬರು ಅಥವಾ ಹೆಚ್ಚು ವಯಸ್ಕರಿದ್ದರೆ 200. ಸ್ನೇಹಿತರಿಗೆ ಕೊಡಬಹುದು, ಮಾರುವಂತಿಲ್ಲ. ರಜೆಗೆ ಬೆಂಗಳೂರಿಗೆ ಬಂದಾಗ ಮಾತ್ರ ಈ ಪ್ರಯೋಗ ಬೇಡಪ್ಪ, ಕರ್ನಾಟಕದ ಅಬಕಾರಿ ಕಾಯ್ದೆಯಲ್ಲಿ ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ.

ಲೈಟ್ ಏಲ್ ಮಾಡುತ್ತಾರೆ ಎಂದೆಯಲ್ಲ. ಕಲಿಯುವವನಿಗೆ ಅದಕ್ಕಿಂತ ಒಳ್ಳೆಯ ಮೇಷ್ಟ್ರು ಇಲ್ಲ. ಸ್ಟೌಟ್‌ನಲ್ಲಿ ಹುರಿದ ಮಾಲ್ಟಿನ ಘಾಟು, ಐಪಿಎಯಲ್ಲಿ ಹಾಪ್ಸ್ ಎಂಬ ಹೂವಿನ ಕಹಿ ಹತ್ತು ತಪ್ಪುಗಳನ್ನು ಮುಚ್ಚಿಬಿಡುತ್ತವೆ. ನಾಲ್ಕು ಪರ್ಸೆಂಟಿನ ತಿಳಿ ಏಲ್‌ನಲ್ಲಿ ಎಲ್ಲವೂ ನಾಲಿಗೆಗೆ ಸಿಕ್ಕಿಬೀಳುತ್ತದೆ.

ಬೆಳಗ್ಗಿನ ಕೆಲಸಕ್ಕೆ ಕ್ಲಬ್ಬಿನ ಹಿರಿಯರಿರುತ್ತಾರೆ, ಅಲ್ಲಿ ನಿನಗೆ ಭಯವಿಲ್ಲ. ನಮ್ಮ ಮನೆಗಳಲ್ಲಿ ರಾಗಿ ಮೊಳಕೆ ಕಟ್ಟಿ ಒಣಗಿಸುವ ಹಾಗೆ ಬಾರ್ಲಿಯನ್ನು ಮೊಳೆಸಿ ಒಣಗಿಸಿದ್ದೇ ಮಾಲ್ಟ್. ಅದು 66 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಬಿಸಿನೀರಲ್ಲಿ ಒಂದು ಗಂಟೆ ನೆನೆದರೆ ಪಿಷ್ಟ ಒಡೆದು ಸಕ್ಕರೆಯಾಗುತ್ತದೆ. 70ರ ಹತ್ತಿರ ಹೋದರೆ ಯೀಸ್ಟ್ ತಿನ್ನಲಾಗದ ಸಕ್ಕರೆ ಹೆಚ್ಚಿ ಏಲ್ ಮಂದವಾಗುತ್ತದೆ. ಸೋಸಿದ ಸಿಹಿನೀರಿಗೆ ವರ್ಟ್ ಎನ್ನುತ್ತಾರೆ. ಅದು ಕುದಿಯುವಾಗ ಮುಚ್ಚಳ ಹಾಕಬೇಡ, ಬೇಯಿಸಿದ ಜೋಳದಂಥ ವಾಸನೆ ಆವಿಯ ಜತೆ ಹೊರಗೆ ಹೋಗಬೇಕು. ಮೊದಲ ಕುದಿಗೆ ನೊರೆ ದಿಢೀರನೆ ಏರುತ್ತದೆ, ಆಗ ಪಾತ್ರೆ ಬಿಟ್ಟು ಕದಲಬೇಡ. ಕುದಿ ಮುಗಿದ ಮೇಲೆ ವರ್ಟಿಗೆ ತಾಗುವ ಕೊಳವೆ, ಡಬ್ಬಿ, ಸೌಟು ಎಲ್ಲವೂ ಸ್ಯಾನಿಟೈಸರ್‌ನಲ್ಲಿ ಅದ್ದಿ ತೆಗೆದದ್ದಾಗಿರಲಿ.

ನಾನು ಹೇಳಬೇಕೆಂದಿರುವುದು ಸಂಜೆಯ ಮಾತು. ಕೆಲವು ಕ್ಲಬ್ಬುಗಳಲ್ಲಿ ಒಂದೇ ದೊಡ್ಡ ಹಂಡೆಯ ವರ್ಟನ್ನು ಎಲ್ಲರೂ 19 ಲೀಟರಿನಂತೆ ಹಂಚಿಕೊಂಡು ಮನೆಗೆ ಒಯ್ಯುತ್ತಾರೆ. ತಿಂಗಳು ಕಳೆದು ರುಚಿ ನೋಡಿದರೆ ಒಬ್ಬೊಬ್ಬರದೂ ಒಂದೊಂದು ಬಗೆ. ಕ್ಲಬ್ಬಿನ ದಿನ ನೀವು ಮಾಡುವುದು ವರ್ಟ್ ಮಾತ್ರ, ಬಿಯರ್ ಮಾಡುವುದು ಯೀಸ್ಟ್. ಏಲಿನ ರುಚಿ ನಿನ್ನ ಮನೆಯ ಮೂಲೆಯಲ್ಲಿ, ಮೊದಲ ಮೂರು ದಿನಗಳಲ್ಲಿ ಬಹುಪಾಲು ತೀರ್ಮಾನವಾಗುತ್ತದೆ.

ಯೀಸ್ಟ್ ಸಕ್ಕರೆ ತಿನ್ನುವಾಗ ತಾನೇ ಶಾಖ ಹುಟ್ಟಿಸುತ್ತದೆ. ಕೋಣೆ 21 ಡಿಗ್ರಿ ಇದ್ದರೆ ಡಬ್ಬಿಯೊಳಗೆ 24 ಇದ್ದೀತು. ಆ ಬಿಸಿಯಲ್ಲಿ ಹಣ್ಣಿನ ವಾಸನೆ ವಿಪರೀತವಾಗುತ್ತದೆ, ಇನ್ನೂ ಏರಿದರೆ ಸ್ಪಿರಿಟ್‌ನಂಥ ಖಾರ ಗಂಟಲಿಗೆ ಹತ್ತುತ್ತದೆ. ಆಮೇಲೆ ತಣ್ಣಗೆ ಮಾಡಿದರೂ ಅದು ಹೋಗುವುದಿಲ್ಲ. ವರ್ಟ್ 18 ಡಿಗ್ರಿಗೆ ಇಳಿಯುವವರೆಗೆ ಯೀಸ್ಟ್ ಹಾಕಬೇಡ, ಎಷ್ಟೇ ಹೊತ್ತಾಗಲಿ. ಡಬ್ಬಿ ಇಡಲು ಬೇರೆ ಫ್ರಿಜ್ ಇಲ್ಲದಿದ್ದರೆ ದೊಡ್ಡ ಟಬ್ಬಿನಲ್ಲಿ ನೀರು ತುಂಬಿ ಡಬ್ಬಿ ಇಡು, ಒದ್ದೆ ಬಟ್ಟೆ ಸುತ್ತು, ನೀರು ತುಂಬಿ ಮಂಜುಗಟ್ಟಿಸಿದ ಬಾಟಲಿಗಳನ್ನು ಬೆಳಗ್ಗೆ ಸಂಜೆ ಬದಲಾಯಿಸು. ಈ ಉಪಾಯಕ್ಕೆ ಖರ್ಚೇ ಇಲ್ಲ, ನಾನು ಇದನ್ನು ಪೂರ್ತಿ ನಂಬುತ್ತೇನೆ. ನೊರೆಯ ಅಬ್ಬರ ಇಳಿದ ಮೇಲೆ 20–21ಕ್ಕೆ ಏರಲು ಬಿಡು, ಬೆಣ್ಣೆಯಂಥ ವಾಸನೆಯಿದ್ದರೆ ಯೀಸ್ಟೇ ತಿಂದು ತೆಗೆಯುತ್ತದೆ.

ಬಾಟಲಿಗೆ ತುಂಬಲು ಆತುರ ಬೇಡ. ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಎರಡು ಮೂರು ದಿನ ಒಂದೇ ಅಂಕಿ ತೋರಿಸಲಿ. ಅರ್ಧ ಹುಳಿತದ್ದಕ್ಕೆ ಸಕ್ಕರೆ ಸೇರಿಸಿ ಬಿರಡೆ ಹಾಕಿದರೆ ಗಾಜು ಸಿಡಿಯುತ್ತದೆ, ಕಣ್ಣಿಗೇ ಅಪಾಯ. ಕಂದು ಬಾಟಲಿಯನ್ನೇ ಬಳಸು, ಬೆಳಕು ಬಿದ್ದರೆ ಹಾಪ್ಸ್ ಕೆಟ್ಟ ವಾಸನೆ ಹೊಡೆಯುತ್ತದೆ.

ಆ ದಿನ ಅಲ್ಲಿ ಗ್ಲಾಸುಗಳು ಸುತ್ತುತ್ತಿರುತ್ತವೆ. ಕುದಿಯುವ ಹಂಡೆಯ ಪಕ್ಕ ಕೆಲಸವಿರುವವರೆಗೆ ಕುಡಿಯಬೇಡ, ಕುಡಿದ ಮೇಲೆ ಕಾರು ಮುಟ್ಟಬೇಡ. ಎಲ್ಲರ ಪಾತ್ರೆ ತೊಳೆದು ಕೊಟ್ಟು ಬಾ. ಏಲ್ ಹದವಾದ ಮೇಲೆ ಎರಡು ಬಾಟಲಿ ಮುಂದಿನ ಸಭೆಗೆ ಒಯ್ದು ನಾಲಿಗೆ ಪಳಗಿದ ಹಿರಿಯರ ಮುಂದಿಡು. ಚೆನ್ನಾಗಿದೆಯಾ ಎಂದು ಕೇಳಬೇಡ, ಏನು ತಪ್ಪಿದೆ ಎಂದು ಕೇಳು.