ಹಾಡೂ ಬೀಜವೂ ಪಾಠವಾಗಲಿ

ಕಾರವಾರದಿಂದ ಅಂಕೋಲೆಗೆ ಹೋಗುವವರಿಗೆ ಹಟ್ಟಿಕೇರಿ ಎಂದರೆ ಹೆದ್ದಾರಿಯ ಟೋಲ್ ನಾಕಾ. ನನಗೆ ಈ ಸೀಮೆ ಇಬ್ಬರು ಹಾಲಕ್ಕಿ ಒಕ್ಕಲಿಗ ಅಜ್ಜಿಯರದು: ಬಡಗೇರಿಯ ಸುಕ್ರಿ ಬೊಮ್ಮಗೌಡ, ಹೊನ್ನಳ್ಳಿಯ ತುಳಸಿ ಗೌಡ. ಬಾಲ್ಯದಲ್ಲಿ ಶಾಲೆ ಕಾಣದ ಇಬ್ಬರಿಗೂ ಪದ್ಮಶ್ರೀ ಬಂತು. ತುಳಸಜ್ಜಿ 2024ರ ಡಿಸೆಂಬರಿನಲ್ಲಿ ಹೋದರು, ಸುಕ್ರಜ್ಜಿ 2025ರ ಫೆಬ್ರುವರಿಯಲ್ಲಿ. ತುಳಸಜ್ಜಿ ಅರಣ್ಯ ಇಲಾಖೆಯ ನರ್ಸರಿಯಲ್ಲಿ ದಿನಗೂಲಿಗೆ ದುಡಿಯುತ್ತಲೇ ಯಾವ ತಾಯಿಮರದ ಬೀಜವನ್ನು ಯಾವಾಗ ಆರಿಸಬೇಕೆಂಬುದನ್ನು ಕಣ್ಣು-ಕೈಗಳಿಂದ ಕಲಿತರು. ಸುಕ್ರಜ್ಜಿಯ ನೆನಪಿನಲ್ಲಿ ಅವರ ಜನಾಂಗದ ಹಾಡುಗಳ ಕಣಜವೇ ಇತ್ತು. ಹೆಂಗಸರನ್ನು ಕಟ್ಟಿಕೊಂಡು ಊರಿನ ಸಾರಾಯಿಯ ವಿರುದ್ಧ ನಿಂತವರೂ ಅವರೇ. ಇವರ ಬದುಕಿನಿಂದ ನಾನು ಕಲಿತದ್ದಿಷ್ಟು: ಕಾಡು, ಆರೋಗ್ಯ, ಹಾಡು ಬೇರೆ ಬೇರೆ ವಿಷಯಗಳಲ್ಲ. ಕೈಯಿಂದ, ಬಾಯಿಂದ ಕಲಿತದ್ದು ನಡತೆಗೆ ಇಳಿಯುವಷ್ಟು ಸುಲಭವಾಗಿ ಪ್ರಶ್ನೋತ್ತರ ಬಾಯಿಪಾಠ ಮಾಡಿದ್ದು ಇಳಿಯುವುದಿಲ್ಲ.

ಇಂಥ ಕಲಿಕೆ ಶಾಲೆಗೆ ಬರಲಿ ಎಂದರೆ, ಹಾಡಿದರೆ ಗುಡ್ಡ ನಿಲ್ಲುತ್ತದೆಯೇ ಎಂದು ಕೇಳುವವರಿದ್ದಾರೆ. 2024ರ ಜುಲೈ 16ರಂದು ಇದೇ ಅಂಕೋಲೆ ತಾಲೂಕಿನ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಕುಸಿದು ಗಂಗಾವಳಿಗೆ ಇಳಿದು ಜೀವಗಳನ್ನು ಬಲಿ ಪಡೆದ ಮೇಲೆ ಈ ಪ್ರಶ್ನೆಯನ್ನು ಹಗುರವಾಗಿ ಕಾಣುವಂತಿಲ್ಲ. ಗುಡ್ಡವನ್ನು ಎಷ್ಟು ಇಳಿಜಾರಾಗಿ ಕಡಿಯಬೇಕು, ಮಳೆನೀರಿಗೆ ದಾರಿ ಎಲ್ಲಿ ಬಿಡಬೇಕು ಎಂಬುದು ಎಂಜಿನಿಯರರ ಹೊಣೆ. ಅದನ್ನು ಮಕ್ಕಳ ಹೆಗಲಿಗೆ ಹೊರಿಸಬಾರದು. ಆದರೆ ನೆಲದಲ್ಲಿ ಹೊಸ ಬಿರುಕು ಕಂಡರೆ, ತಿಳಿಯಾಗಿದ್ದ ಒರತೆ ಏಕಾಏಕಿ ಕೆಸರಾದರೆ ಅದು ಅಪಾಯದ ಸೂಚನೆ ಎಂದು ಗುರುತಿಸಲು ಆ ಗುಡ್ಡದ ಪರಿಚಯ ಬೇಕು. ತನ್ನೂರಿನ ಗುಡ್ಡ, ಹಳ್ಳ, ಗಜನಿ ಗದ್ದೆಗಳ ಕಥೆಯನ್ನು ತಾನೇ ಕಟ್ಟಿ ಹೇಳಿದ ಮಗುವಿಗೆ ಆ ಪರಿಚಯ ಇರುತ್ತದೆ. ಅನಕ್ಷರತೆಯನ್ನು ವೈಭವೀಕರಿಸುತ್ತೀರಿ ಎಂಬ ಇನ್ನೊಂದು ಆಕ್ಷೇಪ ನನ್ನನ್ನು ಹೆಚ್ಚು ಕಾಡುತ್ತದೆ. ಆ ಅಜ್ಜಿಯರಿಗೆ ಶಾಲೆ ಸಿಗದಿದ್ದದ್ದು ಅನ್ಯಾಯವೇ, ಸಂದೇಹವಿಲ್ಲ. ಅವರ ವಿದ್ಯೆಯನ್ನು ಶಾಲೆಯ ಹೊರಗೇ ಇಡುವುದು ಅದರ ಮೇಲೊಂದು ಅನ್ಯಾಯ.

ಹಾಡು, ಕಥೆಗಳನ್ನು ಪಾಠವಾಗಿಸುವುದು ಸರ್ಕಾರಕ್ಕೆ ಹೊಸದೂ ಅಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ನಲಿ-ಕಲಿ ಹಾಡು, ಆಟ, ಕಥೆಗಳನ್ನು ಸರ್ಕಾರಿ ಶಾಲೆಗೆ ತಂದಿತು. ಆದರೆ ಅದು ಕೆಳಗಿನ ತರಗತಿಗಳಿಗಷ್ಟೇ. ಮುಂದೆ ಅಂಕಗಳದೇ ಆಳ್ವಿಕೆ. ಕಾರವಾರ, ಅಂಕೋಲೆಗಳ ಶಿಕ್ಷಕರಲ್ಲಿ ನನ್ನ ಕೋರಿಕೆ ಇಷ್ಟೆ: ಐದನೇ ತರಗತಿಯಿಂದ ಮೇಲಿನ ಪ್ರತಿ ಮಗುವೂ ಮನೆಯ ಹಿರಿಯರಿಂದ ಕೇಳಿದ ಒಂದು ಹಾಡನ್ನೋ ಕಥೆಯನ್ನೋ ಬರೆದು ತರಲಿ, ಊರಿನ ಒಂದು ಮರದ ಬೀಜದಿಂದ ಶಾಲೆಯ ಅಂಗಳದಲ್ಲಿ ಸಸಿ ಎಬ್ಬಿಸಲಿ. ಅದಕ್ಕೂ ಅಂಕ ಕೊಡಿ.